ಪೂರ್ವ ಒಣ ವಲಯದ ಕೃಷಿ ಅರಣ್ಯದಲ್ಲಿ ಬಹೂಪಯೋಗಿ ಮರಗಳ ಬೆಳವಣಿಗೆ ಮತ್ತು ಪೋಷಕಾಂಶಗಳ ಆವರ್ತನ: ಬೇಗೂರು ಪರಿಸರವನ್ನು ಅನುಲಕ್ಷಿಸಿ

ಪೀಠಿಕೆ

ಬೆಂಗಳೂರು ನಗರದ ದಕ್ಷಿಣ ಅಂಚಿನಲ್ಲಿರುವ ಬೇಗೂರು ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತವಾದ ಊರು. ಕ್ರಿ.ಶ. 890ರ ಸುಮಾರಿನದೆಂದು ಹೇಳಲಾಗುವ ಇಲ್ಲಿನ ವೀರಗಲ್ಲು ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತಿರುವ ಪ್ರಾಚೀನ ದಾಖಲೆಯಾಗಿದೆ. ಗಂಗರ ಕಾಲದ ಇನ್ನೊಂದು ಶಾಸನದಲ್ಲಿ ‘ಬೆಂಪೂರು ಹನ್ನೆರಡು’ ಎಂಬ ಗ್ರಾಮಸಮೂಹದ ಉಲ್ಲೇಖವಿದೆ. ಹಾಗಾಗಿ ಈ ಪರಿಸರದಲ್ಲಿ ಸಾವಿರ ವರ್ಷಗಳಿಗೂ ಮೀರಿದ ಕೃಷಿಯ ಪರಂಪರೆಯಿದೆ ಎಂದು ಹೇಳಬಹುದು. ಸುತ್ತಲಿನ ಊರುಗಳ ಹೆಸರುಗಳೂ ಮರಗಳನ್ನು ನೆನಪಿಸುತ್ತವೆ. ಹುಳಿಮಾವು, ಹೊಂಗಸಂದ್ರ ಎಂಬ ಹೆಸರುಗಳನ್ನು ಇಂದು ನಗರದ ಬಡಾವಣೆಗಳಾಗಿ ಮಾತ್ರ ಬಲ್ಲವರಿಗೆ ಅವುಗಳೊಳಗಿನ ಮಾವು, ಹೊಂಗೆಗಳು ಕಣ್ಣಿಗೆ ಬೀಳುವುದು ಅಪರೂಪ.

ಇಲ್ಲಿನ ಕೆಂಪು ಮಣ್ಣು ಸಹಜವಾಗಿ ಫಲವತ್ತಾದುದಲ್ಲ. ರಾಸಾಯನಿಕ ಗೊಬ್ಬರಗಳು ಬರುವ ಮೊದಲು ಇಂಥ ನೆಲದಲ್ಲಿ ತಲೆಮಾರುಗಳ ಕಾಲ ರಾಗಿ ಬೆಳೆಯಲು ಸಾಧ್ಯವಾದುದು ಹೇಗೆ ಎಂಬುದು ಮಣ್ಣಿನ ವಿಜ್ಞಾನದ ದೃಷ್ಟಿಯಿಂದ ಕುತೂಹಲಕರವಾದ ಪ್ರಶ್ನೆ. ಮರ, ದನ, ಕೆರೆ ಮತ್ತು ಹೊಲಗಳ ನಡುವೆ ಪೋಷಕಾಂಶಗಳು ನಿರಂತರವಾಗಿ ಸುತ್ತುತ್ತಿದ್ದುದು ಇದಕ್ಕೆ ದೊರೆಯುವ ಉತ್ತರದ ಬಹುಮುಖ್ಯ ಭಾಗ. ಈ ಸುತ್ತಿನಲ್ಲಿ ಮರದ ಪಾತ್ರವೇನು, ಅದರ ಮಿತಿಗಳೇನು, ಮರದ ಆಯ್ಕೆಯನ್ನು ಯಾವ ಅಳತೆಗೋಲಿನಿಂದ ಮಾಡಬೇಕು ಎಂಬ ವಿಷಯಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಮರದ ಬೆಳವಣಿಗೆಯ ವೇಗವೊಂದನ್ನೇ ನೋಡಿ ಆಯ್ಕೆ ಮಾಡಿದಾಗ ಹೊಲ ಬಡವಾಗುತ್ತದೆ. ಮರವು ನೆಲದಿಂದ ಪಡೆದುದರಲ್ಲಿ ಎಷ್ಟನ್ನು, ಯಾವಾಗ, ಯಾವ ರೂಪದಲ್ಲಿ ಹಿಂದಿರುಗಿಸುತ್ತದೆ ಎಂಬುದೇ ನಿರ್ಣಾಯಕವಾದುದು ಎಂಬ ಅಂಶವನ್ನು ಇಲ್ಲಿ ಪ್ರತಿಪಾದಿಸಲಾಗಿದೆ.

ನೆಲ ಮತ್ತು ಮಳೆ

ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದ್ದು, ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಹಾಗೂ ತುಮಕೂರು ಜಿಲ್ಲೆಯ ಕೆಲವು ಭಾಗಗಳು ಪೂರ್ವ ಒಣ ವಲಯಕ್ಕೆ ಸೇರುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ಮಳೆ ಎರಡು ಹಂತಗಳಲ್ಲಿ ಬರುತ್ತದೆ. ಮೇ ತಿಂಗಳಿನಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಇನ್ನೊಮ್ಮೆ ಮಳೆಯ ಪ್ರಮಾಣ ಏರುತ್ತದೆ. ರಾಗಿಯ ಬಿತ್ತನೆ ಸಾಮಾನ್ಯವಾಗಿ ಜುಲೈ ತಿಂಗಳಿನಲ್ಲಿ ನಡೆದು, ಕೊಯ್ಲು ನವೆಂಬರ್–ಡಿಸೆಂಬರ್ ವೇಳೆಗೆ ಮುಗಿಯುತ್ತದೆ.

ಗ್ರಾನೈಟ್ ಮತ್ತು ನೈಸ್ ಶಿಲೆಗಳು ಶಿಥಿಲಗೊಂಡು ರೂಪುಗೊಂಡ ಇಲ್ಲಿನ ಕೆಂಪು ಮಣ್ಣಿನಲ್ಲಿ ಜೇಡಿಯ ಅಂಶ ಮುಖ್ಯವಾಗಿ ಕೆಯೊಲಿನೈಟ್ ಸ್ವರೂಪದ್ದು. ಇಂಥ ಜೇಡಿಗೆ ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಸಾವಯವ ಇಂಗಾಲದ ಪ್ರಮಾಣ ಬಹಳ ಕಡೆ ಶೇ. 0.5ಕ್ಕಿಂತ ಕೆಳಗಿರುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ರಂಜಕವನ್ನು ಬಿಗಿಯಾಗಿ ಹಿಡಿದು ಬೆಳೆಗೆ ದೊರಕದಂತೆ ಮಾಡುತ್ತವೆ. ಬಿರುಸಾದ ಮಳೆ ಬಿದ್ದೊಡನೆ ಮೇಲ್ಮಣ್ಣು ಹೆಪ್ಪುಗಟ್ಟುವುದರಿಂದ ನೀರು ಇಂಗುವ ಬದಲು ಹರಿದುಹೋಗುತ್ತದೆ. ಜೊತೆಗೆ ಫಲವತ್ತಾದ ಮೇಲ್ಪದರವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಇಂಥ ನೆಲದಲ್ಲಿ ಸಾವಯವ ವಸ್ತುವೇ ಪೋಷಕಾಂಶಗಳ ಉಗ್ರಾಣ. ಅದು ಬರಿದಾದರೆ ಮೇಲಿನಿಂದ ಹಾಕಿದ ಗೊಬ್ಬರಕ್ಕೂ ನಿಲ್ಲಲು ನೆಲೆಯಿಲ್ಲ.

ಸಾಂಪ್ರದಾಯಿಕ ವ್ಯವಸ್ಥೆ

‘ಕೃಷಿ ಅರಣ್ಯ’ ಎಂಬ ಪದ ಹೊಸದು, ಪದ್ಧತಿ ಹಳೆಯದು. ಒಂದೇ ಭೂಮಿಯಲ್ಲಿ ಮರವನ್ನು ಬೆಳೆಯೊಡನೆ ಅಥವಾ ಪಶುಪಾಲನೆಯೊಡನೆ ಉದ್ದೇಶಪೂರ್ವಕವಾಗಿ ಸಂಯೋಜಿಸುವುದೇ ಅದರ ಲಕ್ಷಣ. 1970ರ ದಶಕದ ಕೊನೆಯಲ್ಲಿ ನೈರೋಬಿಯಲ್ಲಿ ಅಂತರರಾಷ್ಟ್ರೀಯ ಕೃಷಿ ಅರಣ್ಯ ಸಂಶೋಧನಾ ಸಂಸ್ಥೆ ನೆಲೆಗೊಂಡ ನಂತರ ಈ ವಿಷಯ ಸ್ವತಂತ್ರ ಶಾಸ್ತ್ರವಾಗಿ ಬೆಳೆಯಿತು. ಭಾರತದಲ್ಲಿ 1983ರಲ್ಲಿ ಅಖಿಲ ಭಾರತ ಸಮನ್ವಿತ ಕೃಷಿ ಅರಣ್ಯ ಸಂಶೋಧನಾ ಪ್ರಾಯೋಜನೆ ಆರಂಭವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ ಅದರ ಕೇಂದ್ರಗಳಲ್ಲೊಂದಾಯಿತು.

ಆದರೆ ಮೈಸೂರು ಸೀಮೆಯ ರೈತನಿಗೆ ಬದುವಿನ ಹೊಂಗೆ, ಹೊಲದ ನಡುವಿನ ಹುಣಸೆ, ಹಿತ್ತಲಿನ ಹಲಸು, ಊರ ಮುಂದಿನ ಗುಂಡುತೋಪು ಇವೆಲ್ಲ ಬೇಸಾಯದ ಅಂಗಗಳೇ ಆಗಿದ್ದವು. ಒಂದೊಂದು ಮರಕ್ಕೂ ಹಲವು ಉಪಯೋಗಗಳಿದ್ದವು. ಹೊಂಗೆಯ ಸೊಪ್ಪು ಕೆರೆಯ ಹಿಂದಿನ ಗದ್ದೆಗೆ ಹಸಿರೆಲೆ ಗೊಬ್ಬರ; ಬೀಜ ದೀಪದೆಣ್ಣೆಗೆ; ಎಣ್ಣೆ ತೆಗೆದ ಹಿಂಡಿ ಮತ್ತೆ ಹೊಲಕ್ಕೆ. ಹಿಪ್ಪೆಯ ಹೂವು, ಬೀಜ ಎರಡಕ್ಕೂ ಬೆಲೆಯಿತ್ತು. ಬೇವು ಔಷಧಕ್ಕೂ ಕೀಟನಿವಾರಣೆಗೂ ಒದಗುತ್ತಿತ್ತು. ಮರದಡಿಯ ತರಗೆಲೆ ಕೊಟ್ಟಿಗೆಯಲ್ಲಿ ದನಗಳ ಹಾಸಾಗಿ, ಗಂಜಲ ಹೀರಿ, ತಿಪ್ಪೆಯಲ್ಲಿ ಕೊಳೆತು ಹೊಲ ಸೇರುತ್ತಿತ್ತು. ಹರಿದುಹೋದ ಮೇಲ್ಮಣ್ಣು ಕೆರೆಯ ತಳದಲ್ಲಿ ಗೋಡಾಗಿ ನಿಂತರೆ, ಬೇಸಿಗೆಯಲ್ಲಿ ಗಾಡಿಗಳ ಮೂಲಕ ಅದೂ ಹೊಲಕ್ಕೆ ಮರಳುತ್ತಿತ್ತು. ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಬೆಳೆಯುತ್ತಿದ್ದ ಅವರೆ, ತೊಗರಿಗಳು ವಾಯುಮಂಡಲದ ಸಾರಜನಕವನ್ನು ಸ್ಥಿರೀಕರಿಸುತ್ತಿದ್ದವು. ಹೀಗೆ ಹೊಲದಿಂದ ಹೊರಹೋದುದು ಬೇರೆ ಬೇರೆ ದಾರಿಗಳಲ್ಲಿ ಹಿಂದಿರುಗುವ ಏರ್ಪಾಡು ಅಲ್ಲಿತ್ತು.

ಬೆಳವಣಿಗೆಯ ಗತಿ

ಒಣಭೂಮಿಯಲ್ಲಿ ನೆಟ್ಟ ಸಸಿ ಮೊದಲ ವರ್ಷಗಳಲ್ಲಿ ಮೇಲ್ನೋಟಕ್ಕೆ ಹೆಚ್ಚು ಬೆಳೆದಂತೆ ಕಾಣುವುದಿಲ್ಲ. ತಾನು ತಯಾರಿಸಿದ ಆಹಾರದ ದೊಡ್ಡ ಪಾಲನ್ನು ಅದು ಬೇರಿಗೆ ವಿನಿಯೋಗಿಸುತ್ತದೆ. ಬೇರು ಆಳದ ತೇವವನ್ನು ಮುಟ್ಟಿದ ಬಳಿಕ ಎತ್ತರ ಮತ್ತು ಸುತ್ತಳತೆ ವೇಗವಾಗಿ ಹೆಚ್ಚುತ್ತವೆ. ಎಲೆಚಾವಣಿ ಪೂರ್ಣಗೊಂಡ ಮೇಲೆ ಈ ವೇಗ ಕ್ರಮೇಣ ಇಳಿಯುತ್ತದೆ. ನೀಲಗಿರಿ, ಸುಬಾಬುಲ್, ಸರ್ವೆ, ಹೆಬ್ಬೇವು ಮೊದಲಾದವು ಕೆಲವೇ ವರ್ಷಗಳಲ್ಲಿ ಕಟಾವಿಗೆ ಬರುತ್ತವೆ. ಹೊಂಗೆ, ಬೇವುಗಳದು ಮಧ್ಯಮ ಗತಿ. ಹುಣಸೆ, ಹಿಪ್ಪೆಗಳನ್ನು ನೆಡುವವನು ಮುಂದಿನ ತಲೆಮಾರಿಗಾಗಿ ನೆಡುತ್ತಾನೆ.

ಪೋಷಕಾಂಶಗಳ ದೃಷ್ಟಿಯಿಂದ ನೋಡುವಾಗ ಮರದ ಒಟ್ಟು ತೂಕಕ್ಕಿಂತ ಆ ತೂಕ ಯಾವ ಭಾಗದಲ್ಲಿದೆ ಎಂಬುದು ಮುಖ್ಯ. ಎಲೆ ಮತ್ತು ಎಳೆಯ ರೆಂಬೆಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಶಿಯಂಗಳ ಸಾಂದ್ರತೆ ಅತ್ಯಧಿಕ. ತೊಗಟೆಯಲ್ಲಿ ಕ್ಯಾಲ್ಸಿಯಂ ಸಂಗ್ರಹವಾಗುತ್ತದೆ. ಕಾಂಡದ ಕಟ್ಟಿಗೆಯಲ್ಲಿ ಇವುಗಳ ಸಾಂದ್ರತೆ ಅತ್ಯಂತ ಕಡಿಮೆ. ಆದ್ದರಿಂದ ಬಲಿತ ಕಾಂಡವನ್ನು ಮಾತ್ರ ಒಯ್ದು ಸೊಪ್ಪು, ರೆಂಬೆಗಳನ್ನು ಹೊಲದಲ್ಲೇ ಬಿಟ್ಟರೆ ನೆಲಕ್ಕೆ ಆಗುವ ನಷ್ಟ ಸಾಧಾರಣವಾದುದು. ಇಡೀ ಮರವನ್ನು ಸೌದೆಗಾಗಿ ಎಳೆಯ ವಯಸ್ಸಿನಲ್ಲೇ ಕಡಿದು, ಎಲೆಯನ್ನೂ ಗುಡಿಸಿ ಒಯ್ದರೆ ನಷ್ಟ ಹಲವು ಪಟ್ಟು ಹೆಚ್ಚುತ್ತದೆ. ಕಟಾವಿನ ಅವಧಿ ಕಿರಿದಾದಷ್ಟೂ ಎಳೆಯ ಭಾಗಗಳ ಪ್ರಮಾಣ ಹೆಚ್ಚಿರುವುದರಿಂದ, ಪ್ರತಿ ಟನ್ ಕಟ್ಟಿಗೆಯೊಂದಿಗೆ ಹೊರಹೋಗುವ ಪೋಷಕಾಂಶವೂ ಹೆಚ್ಚುತ್ತದೆ.

ಆವರ್ತನದ ಮಾರ್ಗಗಳು

ಮರವು ಪೋಷಕಾಂಶಗಳನ್ನು ಸೃಷ್ಟಿಸುವುದಿಲ್ಲ. ಅದು ಅವುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ, ಹಿಡಿದಿಡುತ್ತದೆ ಮತ್ತು ಹಿಂದಿರುಗಿಸುತ್ತದೆ. ಈ ಮಾತಿಗೆ ಸಾರಜನಕವೊಂದೇ ಭಾಗಶಃ ಅಪವಾದ. ಹೊಂಗೆ, ಗ್ಲಿರಿಸಿಡಿಯಾ, ಸುಬಾಬುಲ್‌ಗಳ ಬೇರುಗಂಟುಗಳಲ್ಲಿರುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಒದಗುವ ರೂಪಕ್ಕೆ ತರುತ್ತವೆ. ಸರ್ವೆಯ ಬೇರಿನಲ್ಲಿ ಇದೇ ಕೆಲಸವನ್ನು ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಮಾಡುತ್ತದೆ. ಹುಣಸೆಯು ದ್ವಿದಳ ಕುಟುಂಬಕ್ಕೆ ಸೇರಿದ್ದರೂ ಅದರಲ್ಲಿ ಬೇರುಗಂಟುಗಳಿಲ್ಲ ಎಂಬುದು ಗಮನಾರ್ಹ. ಬೇವು, ಹಿಪ್ಪೆ, ನೇರಳೆ, ಮಾವುಗಳಿಗೂ ಈ ಸಾಮರ್ಥ್ಯವಿಲ್ಲ.

ಎರಡನೆಯದು ಆಳದಿಂದ ಮೇಲಕ್ಕೆ ಸಾಗುವ ಮಾರ್ಗ. ರಾಗಿಯ ಬೇರು ಮುಟ್ಟಲಾಗದ ಪದರಗಳಿಂದ ಮರದ ಬೇರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶಿಯಂಗಳನ್ನು ಹೀರಿ ಎಲೆಯ ಮೂಲಕ ಮೇಲ್ಮಣ್ಣಿಗೆ ತಲುಪಿಸುತ್ತದೆ. ಮಳೆನೀರಿನೊಡನೆ ಕೆಳಗಿಳಿಯುವ ನೈಟ್ರೇಟನ್ನು ತಡೆದು ಹಿಡಿಯುವ ಬಲೆಯಂತೆಯೂ ಈ ಬೇರುಗಳು ವರ್ತಿಸುತ್ತವೆ. ಆದರೆ ಆಳದ ಪದರವೇ ಗಟ್ಟಿಬಂಡೆಯಾಗಿದ್ದರೆ ಅಥವಾ ಅಲ್ಲಿ ತೇವವಿಲ್ಲದಿದ್ದರೆ ಈ ಲಾಭ ದೊರೆಯದು.

ಮೂರನೆಯದು ಬೇರು ಮತ್ತು ಶಿಲೀಂಧ್ರಗಳ ಸಹಜೀವನ. ಈ ಭಾಗದ ಬಹುಪಾಲು ಮರಗಳ ಬೇರುಗಳಲ್ಲಿ ಮೈಕೋರೈಜಾ ಶಿಲೀಂಧ್ರಗಳು ನೆಲೆಸಿ, ತಮ್ಮ ಸೂಕ್ಷ್ಮ ಎಳೆಗಳ ಮೂಲಕ ದೂರದ ರಂಜಕವನ್ನು ಮರಕ್ಕೆ ತಲುಪಿಸುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಡಿ. ಜೆ. ಭಾಗ್ಯರಾಜ್ ಮತ್ತು ಅವರ ಸಹೋದ್ಯೋಗಿಗಳು ಈ ವಿಷಯದಲ್ಲಿ ನಡೆಸಿದ ಸಂಶೋಧನೆಗಳು ಅಂತರರಾಷ್ಟ್ರೀಯ ಮನ್ನಣೆ ಪಡೆದಿವೆ. ಸಿಲ್ವರ್ ಓಕ್ ಮರವು ಗೊಂಚಲು ಬೇರುಗಳನ್ನು ಬಿಟ್ಟು, ಸಾವಯವ ಆಮ್ಲಗಳನ್ನು ಸ್ರವಿಸಿ, ಬಿಗಿಹಿಡಿದ ರಂಜಕವನ್ನು ಕರಗಿಸಿಕೊಳ್ಳುತ್ತದೆ.

ಹಿಂದಿರುಗುವ ಮಾರ್ಗಗಳಲ್ಲಿ ಕಣ್ಣಿಗೆ ಕಾಣುವುದು ತರಗೆಲೆ. ಮಣ್ಣೊಳಗೆ ಹುಟ್ಟಿ ಸಾಯುವ ಸೂಕ್ಷ್ಮ ಬೇರುಗಳ ಕೊಡುಗೆಯೂ ಅಷ್ಟೇ ಮಹತ್ವದ್ದು. ಎಲೆಗಳ ಮೇಲೆ ಬಿದ್ದು ತೊಟ್ಟಿಕ್ಕುವ ಮಳೆನೀರು ಪೊಟ್ಯಾಶಿಯಂ ಅನ್ನು ತೊಳೆದು ನೆಲಕ್ಕಿಳಿಸುತ್ತದೆ. ಎಲೆ ಉದುರುವ ಮೊದಲು ಮರವು ಅದರಲ್ಲಿನ ಸಾರಜನಕ, ರಂಜಕಗಳಲ್ಲಿ ಸರಾಸರಿ ಅರ್ಧದಷ್ಟನ್ನು ಅಥವಾ ಇನ್ನೂ ಹೆಚ್ಚಿನ ಪಾಲನ್ನು ತನ್ನೊಳಗೆ ಹಿಂತೆಗೆದುಕೊಳ್ಳುತ್ತದೆ. ಆದ್ದರಿಂದ ಹಸಿಯಾಗಿ ಕಡಿದ ಸೊಪ್ಪು ಮತ್ತು ತಾನಾಗಿ ಉದುರಿದ ತರಗೆಲೆ ಇವೆರಡೂ ಗೊಬ್ಬರವಾಗಿ ಸಮಾನವಲ್ಲ.

ಎಲೆಯ ಗುಣ ಮತ್ತು ಕೊಳೆಯುವ ಕಾಲ

ನೆಲಕ್ಕೆ ಬಿದ್ದ ಎಲೆ ಬೆಳೆಗೆ ಆಹಾರವಾಗಬೇಕಾದರೆ ಸೂಕ್ಷ್ಮಜೀವಿಗಳಿಂದ ಖನಿಜೀಕರಣಗೊಳ್ಳಬೇಕು. ಈ ಕ್ರಿಯೆಯ ವೇಗವನ್ನು ಎಲೆಯ ರಾಸಾಯನಿಕ ಗುಣ ನಿರ್ಧರಿಸುತ್ತದೆ. ಒಣತೂಕದಲ್ಲಿ ಶೇ. 2 ರಿಂದ 2.5ಕ್ಕಿಂತ ಹೆಚ್ಚು ಸಾರಜನಕವಿದ್ದು, ಲಿಗ್ನಿನ್ ಶೇ. 15ಕ್ಕಿಂತಲೂ ಪಾಲಿಫೀನಾಲುಗಳು ಶೇ. 4ಕ್ಕಿಂತಲೂ ಕಡಿಮೆಯಿದ್ದರೆ ಅಂಥ ಎಲೆ ಬೇಗ ಕೊಳೆತು ಸಾರಜನಕವನ್ನು ಬಿಟ್ಟುಕೊಡುತ್ತದೆ. ಸಾರಜನಕ ಇದಕ್ಕಿಂತ ಕಡಿಮೆಯಿದ್ದರೆ ಸೂಕ್ಷ್ಮಜೀವಿಗಳು ತಮ್ಮ ಅಗತ್ಯಕ್ಕಾಗಿ ಮಣ್ಣಿನಲ್ಲಿರುವ ಸಾರಜನಕವನ್ನೇ ಸೆಳೆದುಕೊಳ್ಳುವುದರಿಂದ ಬೆಳೆ ತಾತ್ಕಾಲಿಕವಾಗಿ ಹಳದಿಯಾಗುತ್ತದೆ.

ಗ್ಲಿರಿಸಿಡಿಯಾ ಮತ್ತು ಸುಬಾಬುಲ್ ಸೊಪ್ಪುಗಳು ಮೊದಲ ವರ್ಗಕ್ಕೆ ಸೇರುತ್ತವೆ. ನೀಲಗಿರಿ ಮತ್ತು ಸಿಲ್ವರ್ ಓಕ್‌ಗಳ ತರಗೆಲೆ ಎರಡನೆಯ ವರ್ಗದ್ದು. ನಿಧಾನವಾಗಿ ಕೊಳೆಯುವ ಎಲೆ ನಿರುಪಯುಕ್ತವೆಂದು ಇದರ ಅರ್ಥವಲ್ಲ. ಅದು ಮಣ್ಣಿನ ಹೊದಿಕೆಯಾಗಿ ತೇವವನ್ನು ಕಾಪಾಡುತ್ತದೆ. ಮಳೆಹನಿಯ ಹೊಡೆತವನ್ನು ತಡೆಯುತ್ತದೆ. ಕಾಲಕ್ರಮದಲ್ಲಿ ಹ್ಯೂಮಸ್ ಆಗಿ ಮಾರ್ಪಡುತ್ತದೆ. ಬೇಗ ಕೊಳೆಯುವುದು ಬೆಳೆಗೆ ಆಹಾರ, ನಿಧಾನವಾಗಿ ಕೊಳೆಯುವುದು ಮಣ್ಣಿಗೆ ಆಸರೆ ಎಂದು ಸ್ಥೂಲವಾಗಿ ಹೇಳಬಹುದು.

ಕೊಳೆಯುವ ಕಾಲವೂ ಗುಣದಷ್ಟೇ ಮುಖ್ಯ. ಹೊಂಗೆ ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸಿ ಕೂಡಲೇ ಹೊಸ ಚಿಗುರು ತಳೆಯುತ್ತದೆ. ಒಣನೆಲದ ಮೇಲೆ ಬಿದ್ದ ಎಲೆಗಳಲ್ಲಿ ಒಂದಷ್ಟು ಭಾಗ ಗೆದ್ದಲುಗಳ ಪಾಲಾಗಿ ಹುತ್ತದ ಮಣ್ಣನ್ನು ಸೇರುತ್ತದೆ. ಉಳಿದುದು ಮುಂಗಾರುಪೂರ್ವ ಮಳೆ ಬಿದ್ದೊಡನೆ ಕೊಳೆಯತೊಡಗುತ್ತದೆ. ಬಹುಕಾಲ ಒಣಗಿದ್ದ ಮಣ್ಣು ನೆನೆದಾಗ ಸೂಕ್ಷ್ಮಜೀವಿಗಳ ಚಟುವಟಿಕೆ ಒಮ್ಮೆಲೇ ಏರಿ ನೈಟ್ರೇಟ್ ಹೇರಳವಾಗಿ ಬಿಡುಗಡೆಯಾಗುತ್ತದೆ. ಆದರೆ ಆ ವೇಳೆಗೆ ಹೊಲದಲ್ಲಿ ರಾಗಿ ಇರುವುದಿಲ್ಲ. ಜುಲೈವರೆಗಿನ ಈ ಅಂತರದಲ್ಲಿ ಸಾರಜನಕದ ಒಂದು ಭಾಗ ನೀರಿನೊಡನೆ ಇಳಿದುಹೋಗುತ್ತದೆ. ಆದುದರಿಂದ ಬದುವಿನ ಗ್ಲಿರಿಸಿಡಿಯಾ ಅಥವಾ ಹೊಂಗೆಯ ಸೊಪ್ಪನ್ನು ಬಿತ್ತನೆಯ ಹೊತ್ತಿಗೆ ಸವರಿ ಮಣ್ಣಿಗೆ ಸೇರಿಸುವುದು ವೈಜ್ಞಾನಿಕವಾಗಿ ಸಮಂಜಸ. ಹೊಂಗೆಹಿಂಡಿಯಲ್ಲಿ ಶೇ. 4ರಷ್ಟು ಸಾರಜನಕವಿದ್ದು, ಅದರಲ್ಲಿನ ಕರಂಜಿನ್ ಎಂಬ ವಸ್ತು ಅಮೋನಿಯಂ ನೈಟ್ರೇಟ್ ಆಗಿ ಬದಲಾಗುವ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. ಹಿಂಡಿಯ ಫಲ ನಿಧಾನವಾಗಿಯೂ ಹೆಚ್ಚು ಕಾಲವೂ ದೊರೆಯುವುದಕ್ಕೆ ಇದು ಒಂದು ಕಾರಣ.

ಒಂದು ಸರಳ ಲೆಕ್ಕ

ಮರದ ಸೊಪ್ಪು ರಾಸಾಯನಿಕ ಗೊಬ್ಬರಕ್ಕೆ ಎಷ್ಟರಮಟ್ಟಿಗೆ ಪರ್ಯಾಯವಾಗಬಲ್ಲದು ಎಂಬುದನ್ನು ಲೆಕ್ಕದ ಮೂಲಕ ಪರಿಶೀಲಿಸಬಹುದು. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿ.ಗ್ರಾಂ ಸಾರಜನಕ ಮತ್ತು ರಂಜಕದ ಪೆಂಟಾಕ್ಸೈಡ್ ರೂಪದಲ್ಲಿ 40 ಕಿ.ಗ್ರಾಂ ರಂಜಕವನ್ನು ಶಿಫಾರಸು ಮಾಡಲಾಗುತ್ತದೆ. ಐದು ಟನ್ ಹಸಿ ಗ್ಲಿರಿಸಿಡಿಯಾ ಸೊಪ್ಪು ಒಣಗಿದರೆ ಸುಮಾರು ಒಂದು ಟನ್ ಆಗುತ್ತದೆ. ಅದರಲ್ಲಿ ಶೇ. 3ರಷ್ಟು ಸಾರಜನಕವಿದೆಯೆಂದು ಭಾವಿಸಿದರೆ 30 ಕಿ.ಗ್ರಾಂ ದೊರೆಯುತ್ತದೆ. ಇದು ಶಿಫಾರಸಿನ ಶೇ. 60ರಷ್ಟು. ಪೊಟ್ಯಾಶಿಯಂ ಶೇ. 2ರಂತೆ 20 ಕಿ.ಗ್ರಾಂ ಸಿಗುತ್ತದೆ. ರಂಜಕ ಮಾತ್ರ ಶೇ. 0.2ರ ಆಸುಪಾಸಿನಲ್ಲಿರುವುದರಿಂದ 2 ಕಿ.ಗ್ರಾಂ, ಅಂದರೆ ಪೆಂಟಾಕ್ಸೈಡ್ ಲೆಕ್ಕದಲ್ಲಿ ಐದು ಕಿ.ಗ್ರಾಂಗೂ ಕಡಿಮೆ. ಶಿಫಾರಸಿನ ಎಂಟನೆಯ ಒಂದು ಭಾಗವೂ ಅದರಿಂದ ಪೂರೈಕೆಯಾಗದು.

ಸೊಪ್ಪಿನ ಸಾರಜನಕವೆಲ್ಲವೂ ಅದೇ ವರ್ಷದ ಬೆಳೆಗೆ ದೊರೆಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಉಷ್ಣವಲಯದ ಬಹುಪಾಲು ಪ್ರಯೋಗಗಳಲ್ಲಿ ಮೊದಲ ಬೆಳೆ ಬಳಸಿಕೊಂಡ ಪಾಲು ಕಾಲುಭಾಗಕ್ಕಿಂತ ಕಡಿಮೆ. ಉಳಿದುದರಲ್ಲಿ ದೊಡ್ಡ ಭಾಗ ಮಣ್ಣಿನ ಸಾವಯವ ಭಂಡಾರವನ್ನು ಸೇರುತ್ತದೆ. ಸ್ವಲ್ಪ ಭಾಗ ನಷ್ಟವಾಗುತ್ತದೆ. ಆದ್ದರಿಂದ ಸೊಪ್ಪು ಹಾಕಿದ ಮೊದಲ ವರ್ಷವೇ ಫಲಿತಾಂಶವನ್ನು ನಿರೀಕ್ಷಿಸಿ ನಿರಾಶರಾಗುವುದು ಸರಿಯಲ್ಲ. ಈ ಲೆಕ್ಕದಿಂದ ಎರಡು ತೀರ್ಮಾನಗಳಿಗೆ ಬರಬಹುದು. ಸಾರಜನಕ, ಪೊಟ್ಯಾಶಿಯಂಗಳ ಗಣನೀಯ ಭಾಗವನ್ನು ಮರಗಳು ಪೂರೈಸಬಲ್ಲವು. ರಂಜಕವನ್ನು ಮಾತ್ರ ಕೊಟ್ಟಿಗೆ ಗೊಬ್ಬರದ ಮೂಲಕವೋ ಖನಿಜ ಗೊಬ್ಬರದ ಮೂಲಕವೋ ಹೊರಗಿನಿಂದ ಒದಗಿಸಲೇಬೇಕು. ಮರವೊಂದೇ ಸಾಕು ಎನ್ನುವ ವಾದಕ್ಕೆ ಈ ಮಣ್ಣಿನಲ್ಲಿ ಆಧಾರವಿಲ್ಲ.

ನೀರಿನ ಸ್ಪರ್ಧೆ

1970ರ ದಶಕದ ಉತ್ತರಾರ್ಧದಿಂದ ನೈಜೀರಿಯದ ಇಬಾದಾನ್‌ನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ, ಸುಬಾಬುಲ್‌ನಂಥ ಮರಗಳ ಸಾಲುಗಳ ನಡುವೆ ಬೆಳೆ ತೆಗೆಯುವ ಪದ್ಧತಿಯ ಮೇಲೆ ವ್ಯಾಪಕ ಪ್ರಯೋಗಗಳು ನಡೆದವು. ಮಳೆ ಹೆಚ್ಚಿರುವ ಆ ಪ್ರದೇಶದಲ್ಲಿ ದೊರೆತ ಫಲಿತಾಂಶಗಳು ವಿಶ್ವದ ಗಮನ ಸೆಳೆದವು. ಆದರೆ ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ ಸುಬಾಬುಲ್ ಸಾಲುಗಳ ನಡುವಿನ ಬೆಳೆಗಳ ಇಳುವರಿ ಕುಸಿಯಿತು. ಸೊಪ್ಪಿನಿಂದ ದೊರೆತ ಸಾರಜನಕದ ಲಾಭಕ್ಕಿಂತ ಮರಗಳು ಕಸಿದುಕೊಂಡ ತೇವದ ನಷ್ಟವೇ ಹೆಚ್ಚಾಗಿತ್ತು.

ಪೂರ್ವ ಒಣ ವಲಯಕ್ಕೆ ಈ ಎರಡನೆಯ ಅನುಭವ ಹೆಚ್ಚು ಹತ್ತಿರವಾದುದು. ಬದುವಿನ ಮರದ ಬುಡದಿಂದ ಕೆಲವು ಸಾಲುಗಳವರೆಗೆ ರಾಗಿ ಕುಗ್ಗುವುದನ್ನು ರೈತರು ಬಹುಕಾಲದಿಂದ ಬಲ್ಲರು. ಮರವನ್ನು ಹೊಲದ ನಡುವೆ ಒತ್ತಾಗಿ ಬೆಳೆಸದೆ ಬದುವಿನಲ್ಲಿ ವಿರಳವಾಗಿ ಉಳಿಸಿಕೊಂಡು, ಬಿತ್ತನೆಗೆ ಮುನ್ನ ರೆಂಬೆ ಸವರುವ ವಾಡಿಕೆಯ ಹಿಂದೆ ಈ ತಿಳಿವಳಿಕೆಯಿದೆ. ರೆಂಬೆ ಸವರಿದಾಗ ನೆರಳು ಕಡಿಮೆಯಾಗುತ್ತದೆ, ಮರದ ನೀರಿನ ಬೇಡಿಕೆ ತಗ್ಗುತ್ತದೆ, ಹೊಲಕ್ಕೆ ಸೊಪ್ಪು ದೊರೆಯುತ್ತದೆ. ಬದುವಿನ ಪಕ್ಕದಲ್ಲಿ ಕಾಲುವೆ ತೋಡಿದರೆ ಮೇಲ್ಪದರದ ಬೇರುಗಳು ಹೊಲದೊಳಗೆ ಹರಡುವುದು ತಗ್ಗಿ, ಹರಿಯುವ ನೀರೂ ಇಂಗುತ್ತದೆ.

ನೀಲಗಿರಿಯ ಪಾಠ

ಬೆಳವಣಿಗೆಯ ವೇಗವನ್ನೇ ಮಾನದಂಡವಾಗಿ ಸ್ವೀಕರಿಸಿದ್ದರ ಪರಿಣಾಮವನ್ನು ಈ ವಲಯ ನೀಲಗಿರಿಯ ಮೂಲಕ ಅನುಭವಿಸಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನಂದಿಬೆಟ್ಟಕ್ಕೆ ಬಂದಿತೆನ್ನಲಾದ ಈ ಮರ, 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರೈತರ ಹೊಲಗಳಲ್ಲೂ ವ್ಯಾಪಕವಾಗಿ ಹರಡಿತು. ರಾಗಿ ಬೆಳೆಯುತ್ತಿದ್ದ ಭೂಮಿ ನೆಡುತೋಪಾದಾಗ ಧಾನ್ಯ, ಮೇವು ಮತ್ತು ಕೂಲಿ ಮೂರೂ ಕಡಿಮೆಯಾದವು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯೊಂದರಲ್ಲಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ ಮತ್ತು ಮಾವಿನ ಬೀಜಗಳನ್ನು ಊರಿದ ಘಟನೆ ಈ ಚರಿತ್ರೆಯಲ್ಲಿ ಉಲ್ಲೇಖನೀಯ. ಬಹೂಪಯೋಗಿ ಮರವೆಂದರೆ ಯಾವುದು ಎಂಬ ಪ್ರಶ್ನೆಗೆ ರೈತರು ಅಂದು ತಮ್ಮದೇ ಉತ್ತರ ನೀಡಿದ್ದರು.

ನೀಲಗಿರಿಯು ಒಂದು ಕಿಲೋ ಕಟ್ಟಿಗೆ ತಯಾರಿಸಲು ಬಳಸುವ ಪೋಷಕಾಂಶ ಇತರ ಅನೇಕ ಮರಗಳಿಗಿಂತ ಕಡಿಮೆಯೆಂಬುದು ನಿಜ. ಅದರ ಒಟ್ಟು ಉತ್ಪಾದನೆ ಹೆಚ್ಚಾಗಿರುವುದರಿಂದ ಮತ್ತು ಕೂಳೆಯಿಂದ ಚಿಗುರಿಸಿ ಪದೇ ಪದೇ ಕಟಾವು ಮಾಡುವುದರಿಂದ, ಹೆಕ್ಟೇರೊಂದರಿಂದ ಹೊರಹೋಗುವ ಮೊತ್ತ ಮಾತ್ರ ಕಡಿಮೆಯಲ್ಲ. ದನಕರುಗಳು ಅದರ ಎಲೆಯನ್ನು ತಿನ್ನುವುದಿಲ್ಲವಾದ್ದರಿಂದ ಕೊಟ್ಟಿಗೆಯ ಮೂಲಕ ಹೊಲಕ್ಕೆ ಮರಳುವ ದಾರಿ ಮುಚ್ಚಿಹೋಗುತ್ತದೆ. ತರಗೆಲೆಯನ್ನು ಒಲೆಗೆ ಗುಡಿಸಿ ಒಯ್ದಲ್ಲಿ ಉಳಿದ ದಾರಿಯೂ ಮುಚ್ಚುತ್ತದೆ. ಮಣ್ಣಿನ ತೇವ ಮತ್ತು ಅಂತರ್ಜಲದ ಮೇಲಿನ ಪರಿಣಾಮಗಳ ಬಗೆಗಿನ ದೀರ್ಘ ಚರ್ಚೆಯ ನಂತರ, 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ನಗರದಂಚಿನಲ್ಲಿ ತುಂಡಾದ ಚಕ್ರ

1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗಾ ಅವರ ನೇತೃತ್ವದಲ್ಲಿ ಕೋಣಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಮುನ್ನೂರು ಎಕರೆಗೂ ಮಿಗಿಲಾದ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಮುಂದಿನ ದಶಕಗಳಲ್ಲಿ ಅದರ ಸುತ್ತಲಿನ ಹೊಲಗಳು ನಿವೇಶನಗಳಾದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಬೇಗೂರು ಅದರ ಎಲ್ಲೆಯೊಳಗೆ ಸೇರಿತು. ಬದು ಹೋದಲ್ಲಿ ಬದುವಿನ ಮರವೂ ಹೋಗುತ್ತದೆ. ದನ ಹೋದಲ್ಲಿ ತಿಪ್ಪೆಯೂ ಹೋಗುತ್ತದೆ. ನಗರೀಕರಣವು ಭೂಮಿಯ ಬಳಕೆಯನ್ನು ಬದಲಿಸುವುದರ ಜೊತೆಗೆ ಪೋಷಕಾಂಶಗಳ ಚಲನೆಯ ದಿಕ್ಕನ್ನೂ ಬದಲಿಸಿತು. ದೂರದ ಹೊಲಗಳಿಂದ ಧಾನ್ಯ, ತರಕಾರಿ, ಹಾಲುಗಳ ರೂಪದಲ್ಲಿ ನಗರ ಸೇರುವ ಸಾರಜನಕ, ರಂಜಕಗಳು ಆ ಹೊಲಗಳಿಗೆ ಮರಳದೆ ಚರಂಡಿಯ ಮೂಲಕ ಕೆರೆಗಳನ್ನು ಸೇರತೊಡಗಿದವು. ಬೆಳ್ಳಂದೂರು ಕೆರೆಯಲ್ಲಿ ಎದ್ದ ನೊರೆ, ಹಬ್ಬಿದ ಕಳೆ ಮತ್ತು 2015ರ ನಂತರ ಹಲವು ಬಾರಿ ಕಾಣಿಸಿಕೊಂಡ ಬೆಂಕಿ ದೇಶದ ಗಮನ ಸೆಳೆದವು. ಕಳೆಯ ಈ ಹುಲುಸಾದ ಬೆಳವಣಿಗೆಗೆ ಕಾರಣವಾದುದು ರಾಗಿಯ ಹೊಲದಲ್ಲಿ ಕೊರತೆಯಾಗಿರುವ ಅದೇ ಪೋಷಕಾಂಶಗಳು.

2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ಕಾರ್ಯಾರಂಭ ಮಾಡಿತು. ಸಂಸ್ಕರಣೆಯ ಮಟ್ಟದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ನೀರಿನ ಕೊರತೆ ನೀಗಿಸುವ ಉದ್ದೇಶದ ಈ ಯೋಜನೆಯನ್ನು, ನಗರದಿಂದ ಗ್ರಾಮದತ್ತ ಪೋಷಕಾಂಶಗಳ ಮರುಪ್ರಯಾಣವೆಂಬ ದೃಷ್ಟಿಯಿಂದಲೂ ಅಧ್ಯಯನ ಮಾಡುವ ಅಗತ್ಯವಿದೆ. ಮಣ್ಣಿಗೆ ಹಿಂದಿರುಗುವ ನೀರಿನಲ್ಲಿ ಭಾರಲೋಹಗಳು ಇರದಂತೆ ನೋಡಿಕೊಳ್ಳುವುದು ಇಲ್ಲಿ ಪೂರ್ವಾಪೇಕ್ಷಿತ.

ಬೆಂಗಳೂರಿನ ಅನೇಕ ರಸ್ತೆಗಳಲ್ಲಿ ಇಂದಿಗೂ ಹೊಂಗೆ ಸಾಲುಮರವಾಗಿ ನಿಂತಿದೆ. ಬೇಸಿಗೆಯ ಆರಂಭದಲ್ಲಿ ಅದರ ಎಲೆ ಉದುರುವುದು ಹಿಂದಿನಂತೆಯೇ ನಡೆಯುತ್ತದೆ. ಉದುರಿದ ಎಲೆ ಡಾಂಬರಿನ ಮೇಲೆ ಬಿದ್ದು ಕಸವೆನಿಸುತ್ತದೆ. ರಾಶಿಮಾಡಿ ಸುಟ್ಟಾಗ ಅದರಲ್ಲಿನ ಸಾರಜನಕದ ಬಹುಭಾಗ ಗಾಳಿ ಸೇರುತ್ತದೆ; ಬೂದಿಯಲ್ಲಿ ಉಳಿದ ರಂಜಕ, ಪೊಟ್ಯಾಶಿಯಂಗಳು ಮೊದಲ ಮಳೆಗೆ ಚರಂಡಿ ಸೇರುತ್ತವೆ. ಅದೇ ಎಲೆಯನ್ನು ಉದ್ಯಾನದ ಮೂಲೆಯಲ್ಲಿ ಕೊಳೆಸಿದರೆ ಚಕ್ರದ ಒಂದು ಕೊಂಡಿಯಾದರೂ ಉಳಿಯುತ್ತದೆ.

ಉಪಸಂಹಾರ

ಭಾರತ ಸರ್ಕಾರ 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ಅಂಗೀಕರಿಸಿತು. ಕರ್ನಾಟಕದಲ್ಲಿ 2011–12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ನೆಟ್ಟ ಸಸಿಯ ಬದಲು ಬದುಕುಳಿದ ಸಸಿಗೆ ಪ್ರೋತ್ಸಾಹಧನ ನೀಡುವ ಕ್ರಮವನ್ನು ತಂದಿತು. ಸಸಿ ಉಳಿಯಿತೇ ಎಂಬ ಈ ಪ್ರಶ್ನೆಯೊಂದಿಗೆ, ಉಳಿದ ಮರ ಹೊಲಕ್ಕೆ ಏನನ್ನು ಹಿಂದಿರುಗಿಸಿತು ಎಂಬ ಪ್ರಶ್ನೆಯನ್ನೂ ಕೇಳುವ ಕಾಲ ಬಂದಿದೆ.

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಆಳದ ಮಣ್ಣು ಮತ್ತು ತೇವವಿರುವಲ್ಲಿ ಮಾತ್ರ ಮರದ ಬೇರು ಪೋಷಕಾಂಶಗಳನ್ನು ಮೇಲೆತ್ತಬಲ್ಲದು. ಬೆಳೆಗೆ ಆಹಾರವಾಗಬಲ್ಲ ಸೊಪ್ಪಿಗೆ ಸಾರಜನಕ ಸ್ಥಿರೀಕರಿಸುವ ಜಾತಿಗಳು ಯೋಗ್ಯ. ಮಣ್ಣಿನ ಹೊದಿಕೆಗೆ ಇತರ ಜಾತಿಗಳೂ ಸಲ್ಲುತ್ತವೆ. ಸೊಪ್ಪನ್ನು ಸೇರಿಸುವ ಕಾಲ ಬಿತ್ತನೆಗೆ ಹೊಂದಿಕೊಳ್ಳಬೇಕು. ರಂಜಕದ ಕೊರತೆಯನ್ನು ಪ್ರತ್ಯೇಕವಾಗಿ ತುಂಬಬೇಕು. ಕಟಾವಿನ ಸಂದರ್ಭದಲ್ಲಿ ಎಲೆ, ರೆಂಬೆ, ಸಾಧ್ಯವಾದರೆ ತೊಗಟೆಯೂ ಹೊಲದಲ್ಲೇ ಉಳಿಯಬೇಕು.

ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವ ವಾಡಿಕೆ ಕನ್ನಡ ನಾಡಿನಲ್ಲಿದೆ. ಆ ನೆರಳಿನ ಕೆಳಗಿನ ಮಣ್ಣಿನಲ್ಲಿ ನಡೆಯುವ ಕೊಡುಕೊಳ್ಳುವಿಕೆಯನ್ನು ಅಳೆದು ದಾಖಲಿಸುವ ಕೆಲಸ ಇನ್ನೂ ಬಹಳಷ್ಟಿದೆ. ಆನೇಕಲ್ಲು, ಹೊಸಕೋಟೆ, ದೇವನಹಳ್ಳಿ ತಾಲ್ಲೂಕುಗಳ ರಾಗಿಹೊಲಗಳಲ್ಲಿ ಉಳಿದಿರುವ ಹಳೆಯ ಬದುಮರಗಳು ಇಂಥ ಅಧ್ಯಯನಕ್ಕೆ ಸಿದ್ಧವಾಗಿರುವ ಪ್ರಯೋಗಶಾಲೆಗಳು. ಬೇಗೂರಿನಲ್ಲಿ ಬಹುಪಾಲು ಕೈತಪ್ಪಿಹೋದ ಈ ಅವಕಾಶ ಅಲ್ಲಿ ಇನ್ನೂ ಉಳಿದಿದೆ. ನಿವೇಶನಗಳ ಗಡಿಕಲ್ಲುಗಳು ಬದುಗಳನ್ನು ತಲುಪುವ ಮುನ್ನವೇ ಈ ಕಾರ್ಯ ನಡೆಯಬೇಕಾಗಿದೆ.